ಸಹಿಗೆ ಮುಂಚೆ ಓದಿ ಹೇಳಿ

ಈ ಅಕ್ಟೋಬರ್ 2ರಂದು ಗಾಂಧಿ ಜಯಂತಿಯ ಜೊತೆಗೆ ನಮ್ಮ ಸಂಘದ ಸಹಿ ಸಂಗ್ರಹವೂ ಆರಂಭವಾಗುತ್ತದೆ. ಗಡಿ ಊರುಗಳ ಶಾಲೆಗಳಲ್ಲಿ ಖಾಲಿ ಬಿದ್ದಿರುವ ಕನ್ನಡ ಶಿಕ್ಷಕರ ಹುದ್ದೆಗಳನ್ನು ತುಂಬಿ ಎಂಬುದೇ ನಮ್ಮ ಮನವಿ. ಹಾಗಾಗಿ ಈ ಸಲ ಗಾಂಧೀಜಿಯವರನ್ನು ಮನವಿಪತ್ರ ಬರೆದವರಾಗಿ ನೆನೆಯೋಣ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ 1891ರಲ್ಲಿ ಮರಳಿದರು. ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೇ ಮಾತು ಹೊರಡದೆ ಕುಳಿತುಬಿಟ್ಟರು. ರಾಜಕೋಟೆಗೆ ಹೋಗಿ ಜನರಿಗೆ ಅರ್ಜಿ ಬರೆದುಕೊಟ್ಟು ಸಂಪಾದಿಸಿದರು. 1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ವ್ಯಾಜ್ಯಕ್ಕಾಗಿ ದಕ್ಷಿಣ ಆಫ್ರಿಕಕ್ಕೆ ಹಡಗು ಹತ್ತಿದರು.

ವ್ಯಾಜ್ಯ ಮುಗಿದು 1894ರಲ್ಲಿ ಡರ್ಬನ್‌ನಲ್ಲಿ ಬೀಳ್ಕೊಡುಗೆ ನಡೆಯುತ್ತಿದ್ದಾಗ ಪತ್ರಿಕೆಯೊಂದರ ಮೂಲೆಯ ಸುದ್ದಿ ಅವರ ಕಣ್ಣಿಗೆ ಬಿತ್ತು. ನೆಟಾಲಿನ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಳ್ಳುವ ಮಸೂದೆ ಶಾಸನಸಭೆಯ ಮುಂದಿತ್ತು. ವರ್ತಕರ ಒತ್ತಾಯಕ್ಕೆ ಅವರು ಪ್ರಯಾಣ ನಿಲ್ಲಿಸಿದರು. ಆಗ ಅವರಿಗೆ 24 ವರ್ಷ.

ಮೊದಲು ಸಭಾಧ್ಯಕ್ಷರಿಗೆ ತಂತಿ ಹೋಯಿತು. ಚರ್ಚೆ ಎರಡು ದಿನ ಮುಂದೆ ಹೋಯಿತು. ಅಷ್ಟರಲ್ಲಿ ಮನವಿ ಸಿದ್ಧವಾಗಬೇಕು. ಅಕ್ಷರ ಚೆನ್ನಾಗಿದ್ದ ಹಿರಿಯರೊಬ್ಬರು ಮೂಲಪ್ರತಿ ಬರೆದರು, ಉಳಿದವರು ನಕಲು ಮಾಡಿದರು. ವರ್ತಕರು ತಮ್ಮ ಖರ್ಚಿನಲ್ಲೇ ಗಾಡಿ ಮಾಡಿಕೊಂಡು ಸಹಿಗೆ ಹೊರಟರು. ಆದರೂ ಮಸೂದೆ ಅಂಗೀಕಾರವಾಯಿತು.

ಅಲ್ಲಿಗೇ ಬಿಡಲಿಲ್ಲ. ಲಂಡನ್ನಿನಲ್ಲಿ ವಸಾಹತುಗಳ ಮಂತ್ರಿಯಾಗಿದ್ದ ಲಾರ್ಡ್ ರಿಪ್ಪನ್ ಅವರಿಗೆ ದೊಡ್ಡ ಮನವಿ ಕಳಿಸುವುದೆಂದಾಯಿತು. ಹದಿನೈದು ದಿನದಲ್ಲಿ ಸುಮಾರು 10,000 ಸಹಿ ಸೇರಿದವು. ಆದರೆ ಗಾಂಧೀಜಿ ಒಂದು ನಿಯಮ ಹಾಕಿದ್ದರು: ಮನವಿಯಲ್ಲಿ ಏನಿದೆಯೆಂದು ಪೂರ್ತಿ ತಿಳಿಯದವರಿಂದ ಸಹಿ ಪಡೆಯಕೂಡದು. ಹಳ್ಳಿ ದೂರ, ಭಾಷೆ ಹಲವು. ಆದರೂ ಬಿಡಿಸಿ ಹೇಳಿಯೇ ಸಹಿ ಪಡೆದರು. 1,000 ಪ್ರತಿ ಅಚ್ಚು ಹಾಕಿಸಿ ಪತ್ರಿಕೆಗಳಿಗೂ ಗಣ್ಯರಿಗೂ ಹಂಚಿದರು.

ಅದೇ ವರ್ಷ ನೆಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು. ಗಾಂಧೀಜಿಯೇ ಕಾರ್ಯದರ್ಶಿ. ಪ್ರತಿ ಕಾಸಿಗೂ ಲೆಕ್ಕ ಇಟ್ಟರು. ಆ ಮಸೂದೆಗೆ ಲಂಡನ್ ಒಪ್ಪಿಗೆ ಕೊಡಲಿಲ್ಲ. ಆದರೆ 1896ರಲ್ಲಿ ಭಾರತೀಯರ ಹೆಸರೆತ್ತದೆ, ಬೇರೆ ಮಾತಿನಲ್ಲಿ ಅದೇ ಕಾನೂನು ಬಂತು. ಮನವಿಯ ಶಕ್ತಿಯೂ ಮಿತಿಯೂ ಅವರಿಗೆ ಅಲ್ಲಿಯೇ ಗೊತ್ತಾಯಿತು. 1906ರಲ್ಲಿ ಜೋಹಾನ್ಸ್‌ಬರ್ಗಿನ ಸಭೆಯಲ್ಲಿ ಸತ್ಯಾಗ್ರಹದ ದಾರಿ ತೆರೆಯಿತು.

ಹಳೆಯ ಪಾಠವನ್ನು ಮಾತ್ರ ಅವರು ಬಿಡಲಿಲ್ಲ. 1915ರಲ್ಲಿ ಭಾರತಕ್ಕೆ ಮರಳಿ, 1917ರಲ್ಲಿ ಚಂಪಾರಣಕ್ಕೆ ಹೋದರು. ಅಲ್ಲಿ ರೈತರು ಇಪ್ಪತ್ತು ಪಾಲು ಜಮೀನಿನಲ್ಲಿ ಮೂರು ಪಾಲು ನೀಲಿ ಬೆಳೆಯಲೇಬೇಕಿತ್ತು. ಸಾವಿರಾರು ರೈತರ ಹೇಳಿಕೆಗಳನ್ನು ಬರೆಸಿಕೊಂಡರು. ಪ್ರತಿಯೊಬ್ಬರನ್ನೂ ಪಾಟೀಸವಾಲು ಮಾಡಿ, ನಿಲ್ಲದ ಮಾತನ್ನು ಕೈಬಿಟ್ಟರು. ಮರುವರ್ಷವೇ ಆ ಪದ್ಧತಿಯನ್ನು ಕಾನೂನು ರದ್ದು ಮಾಡಿತು. 1948ರ ಜನವರಿ 30ರಂದು ಗುಂಡಿಗೆ ಬಲಿಯಾಗುವವರೆಗೂ ಅಧಿಕಾರದಲ್ಲಿದ್ದವರಿಗೆ ಪತ್ರ ಬರೆಯುವುದನ್ನು ಅವರು ನಿಲ್ಲಿಸಲಿಲ್ಲ.

ಕಚೇರಿಯಲ್ಲಿ ಟಪಾಲು ನೋಡಿ ಸವೆದ ಕೈ ನಮ್ಮದು. ಒಂದೇ ಕೈಬರಹದ ನೂರು ಸಹಿ ಕಂಡರೆ ಆ ಅರ್ಜಿ ಕಟ್ಟಿನ ಅಡಿಗೆ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ನಾವೂ ಮದುವೆ ಚಪ್ಪರದಲ್ಲಿ ಅವಸರದ ಸಹಿ ಹಾಕಿಸಿದೆವು. ಅಧಿಕಾರಿಯೊಬ್ಬರು ವಿಚಾರಿಸಿದಾಗ, ಸಹಿ ಹಾಕಿದವರಿಗೇ ವಿಷಯ ತಿಳಿದಿರಲಿಲ್ಲ. ತಲೆ ತಗ್ಗಿಸಿ ಬಂದೆವು.

ಈ ಸಲ ಹಾಗಾಗದಿರಲಿ. ಪ್ರತಿ ಹಾಳೆಯ ಮೇಲ್ಭಾಗದಲ್ಲೂ ಬೇಡಿಕೆ ಇರಲಿ. ಓದಿ ಹೇಳಿ, ಕೇಳಿದ್ದಕ್ಕೆ ಉತ್ತರಿಸಿ, ಆಮೇಲೆ ಪೆನ್ನು ಕೊಡಿ. ಒಬ್ಬರ ಸಹಿ ಇನ್ನೊಬ್ಬರು ಹಾಕುವುದು ಬೇಡ. ಕಚೇರಿಯ ಮೊಹರು ಬಿದ್ದ ಒಂದು ಪ್ರತಿ ಸಂಘಕ್ಕೆ ವಾಪಸು ಬರಲಿ. ಇನ್ನೂರೇ ಸಹಿ ಬಂದರೂ ಸರಿ, ಆ ಇನ್ನೂರು ಜನರೂ ಯಾಕೆಂದು ಹೇಳಬಲ್ಲವರಾಗಿರಲಿ.