ಸರ್ ಫ್ರೆಡರಿಕ್ ಬ್ಯಾಂಟಿಂಗ್: ಸಂಶೋಧನೆಗೆ ಸಂದ ಬಾಳು

ಅನ್ನದಾನ, ವಿದ್ಯಾದಾನ, ಔಷಧದಾನಗಳ ಹಿರಿಮೆಯನ್ನು ನಮ್ಮ ಹಿರಿಯರು ಬಹುಕಾಲದಿಂದ ಕೊಂಡಾಡುತ್ತ ಬಂದಿದ್ದಾರೆ. ಈ ದಾನಗಳ ಫಲವು ಕೊಟ್ಟವರ ಕಣ್ಣೆದುರಿಗೇ ಗೋಚರಿಸುತ್ತದೆ. ಹಸಿದು ಬಂದವನು ಉಂಡು ತಣಿಯುತ್ತಾನೆ. ಓದಲು ಬಂದ ಬಾಲಕನು ಹತ್ತು ವರ್ಷಗಳಲ್ಲಿ ವಿದ್ಯಾವಂತನಾಗಿ ಹೊರಡುತ್ತಾನೆ. ಇವುಗಳ ಜೊತೆಗೆ ಸೇರಬೇಕಾದ ಮತ್ತೊಂದು ದಾನವುಂಟು. ಲೋಕಕ್ಕೆ ಇನ್ನೂ ತಿಳಿಯದಿರುವುದನ್ನು ತಿಳಿಯಹೊರಟವನಿಗೆ ಕೊಡುವ ದಾನವದು. ಅದರ ಫಲವೇನು, ಅದು ಎಂದು ಕೈಗೂಡೀತು ಎಂಬುದು ಕೊಡುವವನಿಗೂ ತಿಳಿಯದು, ಪಡೆಯುವವನಿಗೂ ತಿಳಿಯದು. ಅಂತಹ ನೆರವನ್ನು ಪಡೆದು, ಬಂದ ಫಲವನ್ನು ತನ್ನದೆಂದು ಇಟ್ಟುಕೊಳ್ಳದೆ ಲೋಕಕ್ಕೆ ಒಪ್ಪಿಸಿದ ವೈದ್ಯರೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ. ಇನ್ಸುಲಿನ್ ಎಂಬ ಜೀವರಕ್ಷಕ ದ್ರವ್ಯದೊಡನೆ ಅವರ ಹೆಸರು ಎಂದೆಂದಿಗೂ ಬೆಸೆದುಕೊಂಡಿದೆ.

ಮಧುಮೇಹವು ಮಾನವಕುಲಕ್ಕೆ ಹೊಸ ವ್ಯಾಧಿಯಲ್ಲ. ಚರಕ, ಸುಶ್ರುತರ ಸಂಹಿತೆಗಳಲ್ಲಿಯೇ ಅದರ ಹೆಸರೂ ಲಕ್ಷಣಗಳೂ ಬಂದಿವೆ. ಆದರೆ ಅದರ ನೆಲೆ ದೇಹದಲ್ಲಿ ಎಲ್ಲಿದೆ ಎಂಬುದು ಖಚಿತವಾಗಿ ತಿಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿಯು ಮೇದೋಜೀರಕಾಂಗದಲ್ಲಿ ದ್ವೀಪಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳನ್ನು ಕಂಡನು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬುವರು, ಆ ಅಂಗವನ್ನು ತೆಗೆದುಹಾಕಿದರೆ ನಾಯಿಗೆ ಮಧುಮೇಹ ಬರುವುದೆಂದು ತೋರಿಸಿದರು. ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಯಾವುದೋ ರಸವು ಅಲ್ಲಿಂದ ಹೊರಡುತ್ತಿರಬೇಕೆಂದು ಪಂಡಿತರು ಊಹಿಸಿದರು. ಅದನ್ನು ಬೇರ್ಪಡಿಸಿ ಹೊರತೆಗೆಯಲು ಅನೇಕರು ಯತ್ನಿಸಿ ಸೋತರು. ಈ ನಡುವೆ ವ್ಯಾಧಿಗೆ ತುತ್ತಾದ ಮಕ್ಕಳಿಗೆ ವೈದ್ಯರು ಕೊಡಬಹುದಾಗಿದ್ದ ಚಿಕಿತ್ಸೆ ಒಂದೇ ಆಗಿದ್ದಿತು. ಅದು ಉಪವಾಸ. ಆಹಾರವನ್ನು ಅತ್ಯಲ್ಪಗೊಳಿಸಿದರೆ ಸಾವು ಕೆಲವು ತಿಂಗಳು ಮುಂದಕ್ಕೆ ಹೋಗುತ್ತಿತ್ತು. ಎಲುಬಿನ ಗೂಡಾದ ಕೂಸನ್ನು ನೋಡುತ್ತ ಕುಳಿತ ತಾಯಿಯು ಅನ್ನವಿದ್ದೂ ಬಡಿಸಲಾರದ ಕಾಲವದು.

ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗರು 1891ನೆಯ ನವೆಂಬರ್ 14ರಂದು ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ, ಆಲಿಸ್ಟನ್ ಎಂಬ ಊರಿನ ಬಳಿಯ ಒಕ್ಕಲು ಮನೆತನದಲ್ಲಿ ಜನಿಸಿದರು. ಐವರು ಮಕ್ಕಳಲ್ಲಿ ಕಡೆಯವರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಮೊದಲು ಕಲಾ ವಿಭಾಗವನ್ನು ಸೇರಿ, 1912ರಲ್ಲಿ ವೈದ್ಯಶಾಸ್ತ್ರದ ಕಡೆಗೆ ತಿರುಗಿದರು. ಪ್ರಥಮ ಮಹಾಯುದ್ಧ ನಡೆಯುತ್ತಿದ್ದುದರಿಂದ, 1916ರಲ್ಲಿ ಪದವಿ ದೊರೆತೊಡನೆ ಸೈನ್ಯದ ವೈದ್ಯ ವಿಭಾಗಕ್ಕೆ ಸೇರಿದರು. 1918ರಲ್ಲಿ ಫ್ರಾನ್ಸಿನ ಕಾಂಬ್ರೆ ರಣಾಂಗಣದಲ್ಲಿ ತೋಳಿಗೆ ಗಾಯವಾದರೂ ಇತರ ಗಾಯಾಳುಗಳ ಶುಶ್ರೂಷೆಯನ್ನು ಬಿಡಲಿಲ್ಲ. ಈ ಶೌರ್ಯಕ್ಕಾಗಿ 1919ರಲ್ಲಿ ಅವರಿಗೆ ಮಿಲಿಟರಿ ಕ್ರಾಸ್ ಪದಕವು ಸಂದಿತು.

ಪದಕದಿಂದ ಸಂಸಾರ ಸಾಗದು. 1920ರ ಜುಲೈ ತಿಂಗಳಿನಲ್ಲಿ ಆಂಟೇರಿಯೊ ಪ್ರಾಂತದ ಲಂಡನ್ ನಗರದಲ್ಲಿ ಬ್ಯಾಂಟಿಂಗರು ವೈದ್ಯವೃತ್ತಿಯನ್ನು ಆರಂಭಿಸಿದರು. ಮೊದಲ ತಿಂಗಳ ಒಟ್ಟು ಸಂಪಾದನೆ 4 ಡಾಲರ್ ಮಾತ್ರ. ಹೊಟ್ಟೆಪಾಡಿಗಾಗಿ ಅಲ್ಲಿನ ವೈದ್ಯಶಾಲೆಯಲ್ಲಿ ಪಾಠ ಹೇಳುವ ಚಿಕ್ಕ ಕೆಲಸವನ್ನು ಹಿಡಿದರು. ಅಕ್ಟೋಬರ್ 30ರ ರಾತ್ರಿ ಪಾಠದ ಸಿದ್ಧತೆಗಾಗಿ ಓದುತ್ತಿದ್ದಾಗ ಮೋಸೆಸ್ ಬ್ಯಾರನ್ ಎಂಬುವರ ಲೇಖನವೊಂದು ಕಣ್ಣಿಗೆ ಬಿದ್ದಿತು. ಕಲ್ಲು ಸಿಕ್ಕಿಕೊಂಡು ಮೇದೋಜೀರಕಾಂಗದ ನಾಳವು ಮುಚ್ಚಿಹೋದ ರೋಗಿಯಲ್ಲಿ, ಜೀರ್ಣರಸದ ಕೋಶಗಳು ನಶಿಸಿದರೂ ಲ್ಯಾಂಗರ್‌ಹಾನ್ಸ್ ದ್ವೀಪಗಳು ಉಳಿದಿದ್ದ ಸಂಗತಿ ಅದರಲ್ಲಿದ್ದಿತು. ನಡುರಾತ್ರಿ ಕಳೆದ ಮೇಲೆ ಅವರ ಮನಸ್ಸಿನಲ್ಲಿ ಒಂದು ಆಲೋಚನೆ ಹೊಳೆಯಿತು. ನಾಯಿಯ ಆ ನಾಳವನ್ನು ಕಟ್ಟಿ, ಜೀರ್ಣರಸದ ಕೋಶಗಳು ಕುಗ್ಗುವವರೆಗೆ ಕಾದು, ಉಳಿದ ದ್ವೀಪಗಳಿಂದ ಆ ಗುಪ್ತರಸವನ್ನು ಪಡೆಯಬಾರದೇಕೆ? ಎದ್ದು ಅದನ್ನು ಬರೆದಿಟ್ಟುಕೊಂಡರು.

ಕೆಲವೇ ದಿನಗಳಲ್ಲಿ ಅವರು ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜೆ. ಜೆ. ಆರ್. ಮಕ್ಲೌಡರನ್ನು ಕಂಡರು. ಮಕ್ಲೌಡರು ದೇಹದಲ್ಲಿ ಸಕ್ಕರೆಯ ಗತಿಯನ್ನು ಕುರಿತು ಆಳವಾಗಿ ಬಲ್ಲ ವಿದ್ವಾಂಸರು. ಎದುರಿಗೆ ಕುಳಿತ ತರುಣ ಶಸ್ತ್ರವೈದ್ಯನಿಗೆ ಈ ಶಾಸ್ತ್ರದಲ್ಲಿ ಗ್ರಂಥಜ್ಞಾನ ಸಾಲದೆಂಬುದು ಅವರಿಗೆ ತಿಳಿಯದೆ ಹೋಗಲಿಲ್ಲ. ಸಂದೇಹವಿದ್ದೂ ಅವರು ಬಾಗಿಲನ್ನು ಮುಚ್ಚಲಿಲ್ಲ. 1921ರ ಬೇಸಗೆಗೆ ಒಂದು ಕೋಣೆಯನ್ನೂ 10 ನಾಯಿಗಳನ್ನೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯ ಸಹಾಯವನ್ನೂ ಒದಗಿಸಿದರು. ಮೇ 17ರಂದು ಕೆಲಸ ಮೊದಲಾಯಿತು. ಆ ಬೇಸಗೆಯಲ್ಲಿ ದುಡಿದ ಇಬ್ಬರಿಗೂ ಸಂಬಳವಿರಲಿಲ್ಲ. ಸೆಕೆಯಲ್ಲಿ ನಾಯಿಗಳು ಒಂದರ ಮೇಲೊಂದು ಸತ್ತುವು. ಕಡೆಗೆ ಜುಲೈ 30ರಂದು ಅವರು ತಯಾರಿಸಿದ ಸಾರವನ್ನು ಚುಚ್ಚಿದಾಗ ಮಧುಮೇಹಿಯಾದ ನಾಯಿಯ ರಕ್ತದ ಸಕ್ಕರೆ ಇಳಿಯಿತು.

ಸೆಪ್ಟೆಂಬರಿನಲ್ಲಿ ಮಕ್ಲೌಡರು ಸ್ಕಾಟ್‌ಲೆಂಡಿನಿಂದ ಮರಳಿದಾಗ ಬ್ಯಾಂಟಿಂಗರು ಸಂಬಳವನ್ನೂ ಉತ್ತಮ ಸೌಕರ್ಯವನ್ನೂ ಕೇಳಿದರು. ಕೊಡದಿದ್ದರೆ ಬೇರೆಡೆಗೆ ಹೋಗುವುದಾಗಿ ಖಂಡಿತವಾಗಿ ನುಡಿದರು. ಇರುವ ಹಣವನ್ನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಸಂಶೋಧನೆಗೆ ಕೊರತೆಯಾಗುವುದೆಂಬ ಚಿಂತೆ ಮಕ್ಲೌಡರದು. ಇಬ್ಬರ ಮಾತೂ ನ್ಯಾಯವಾದುದೇ. ಔಷಧಶಾಸ್ತ್ರದ ಪ್ರಾಧ್ಯಾಪಕ ಹೆಂಡರ್ಸನ್ನರು ತಮ್ಮ ವಿಭಾಗದಲ್ಲಿ ತಿಂಗಳಿಗೆ 250 ಡಾಲರ್ ವೇತನದ ಸ್ಥಾನವನ್ನು ಬ್ಯಾಂಟಿಂಗರಿಗೆ ಕಲ್ಪಿಸಿಕೊಟ್ಟದ್ದರಿಂದ ಕೆಲಸವು ನಿಲ್ಲದೆ ಸಾಗಿತು. ವರ್ಷದ ಕೊನೆಗೆ ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ಶಾಸ್ತ್ರಜ್ಞರು ತಂಡವನ್ನು ಸೇರಿದರು. ರಾಕ್‌ಫೆಲರ್ ಪ್ರತಿಷ್ಠಾನದ ಪ್ರವಾಸಿ ವೇತನವನ್ನು ಪಡೆದು ಟೊರಾಂಟೊಕ್ಕೆ ಬಂದಿದ್ದವರು ಅವರು. ಆ ವೇತನವನ್ನು ಕೊಟ್ಟವರ ಕಲ್ಪನೆಯಲ್ಲಿ ಇನ್ಸುಲಿನ್ ಇದ್ದಿರಲಾರದು. ಆದರೂ ಅದು ಸದುಪಯೋಗವಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ನಾಳವನ್ನು ಕಟ್ಟಿ ಕಾಯಬೇಕೆಂಬ ಬ್ಯಾಂಟಿಂಗರ ಮೂಲ ಕಲ್ಪನೆಯು ಅನಾವಶ್ಯಕವೆಂದು ಅದೇ ಚಳಿಗಾಲದಲ್ಲಿ ಸಿದ್ಧವಾಯಿತು. ಕಸಾಯಿಖಾನೆಯಿಂದ ತಂದ ದನದ ಅಂಗವನ್ನೇ ಮದ್ಯಸಾರದಲ್ಲಿ ಸಂಸ್ಕರಿಸಿದರೆ ಸಾಕಾಗುತ್ತಿತ್ತು. ಊಹೆಯು ಸರಿಯಾಗಿದ್ದರೆ ಮಾತ್ರ ನೆರವು ಎಂದು ಮಕ್ಲೌಡರು ಪಟ್ಟು ಹಿಡಿದಿದ್ದರೆ, ಸರಿಯಾದ ದಾರಿಯನ್ನು ಹುಡುಕಲು ಯಾರೂ ಆ ಕೋಣೆಯಲ್ಲಿ ಇರುತ್ತಿರಲಿಲ್ಲ.

1922ನೆಯ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಮರಣೋನ್ಮುಖನಾಗಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಈ ಸಾರವನ್ನು ಮೊದಲು ಚುಚ್ಚಿದರು. ಅದು ಅಶುದ್ಧವಾಗಿದ್ದುದರಿಂದ ನಿಲ್ಲಿಸಬೇಕಾಯಿತು. ಕಾಲಿಪ್ಪರು ಹಗಲಿರುಳು ದುಡಿದು ಶುದ್ಧಿಗೊಳಿಸಿದ ಸಾರವನ್ನು ಜನವರಿ 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಹದಕ್ಕೆ ಬಂದು ಬಾಲಕನು ಚೇತರಿಸಿಕೊಂಡನು. ಆತನು 1935ರವರೆಗೆ ಬದುಕಿದನು.

ಮುಂದಿನದು ಹಂಚುವ ಪ್ರಶ್ನೆ. ವೈದ್ಯನಾದವನು ಔಷಧದ ಮೇಲೆ ಹಕ್ಕುಪತ್ರ ಪಡೆಯುವುದು ವೃತ್ತಿಧರ್ಮಕ್ಕೆ ಒಪ್ಪದೆಂದು ಬಗೆದ ಬ್ಯಾಂಟಿಂಗರು ಮೊದಲು ತಮ್ಮ ಹೆಸರನ್ನೇ ಕೊಡಲಿಲ್ಲ. ಆದರೆ ಹಕ್ಕನ್ನು ಯಾರೂ ಪಡೆಯದಿದ್ದರೆ ಲೋಭಿಯೊಬ್ಬನು ಅದನ್ನು ಪಡೆದು ಏಕಸ್ವಾಮ್ಯ ಸಾಧಿಸುವ ಭಯವಿದ್ದಿತು. ಕಡೆಗೆ 1923ರಲ್ಲಿ ಅಮೆರಿಕದ ಹಕ್ಕುಪತ್ರವು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಈ ಮೂವರ ಹೆಸರಿನಲ್ಲಿ ಬಂದಿತು. ಅವರು ತಲಾ ಒಂದು ಡಾಲರನ್ನು ಪಡೆದು ಅದನ್ನು ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಕೋಟಿಗಟ್ಟಲೆ ಬೆಲೆಬಾಳುವ ಹಕ್ಕು ಮೂರು ಡಾಲರುಗಳಿಗೆ ಕೈಬದಲಾಯಿತು. ತಯಾರಕರಿಂದ ಬಂದ ಗೌರವಧನವನ್ನು ವಿಶ್ವವಿದ್ಯಾನಿಲಯವು ಮತ್ತೆ ಸಂಶೋಧನೆಗೇ ವಿನಿಯೋಗಿಸಿತು. ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್ ಅವರು ಅನುಮತಿಯನ್ನು ಪಡೆದು ತಮ್ಮ ದೇಶದಲ್ಲಿ ತಯಾರಿಕೆ ಆರಂಭಿಸಿದರು. ಅವರ ಪತ್ನಿಯೇ ಮಧುಮೇಹದಿಂದ ಬಳಲುತ್ತಿದ್ದರು.

ಅದೇ ವರ್ಷ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್ ಮತ್ತು ಮಕ್ಲೌಡರಿಗೆ ಜಂಟಿಯಾಗಿ ದೊರೆಯಿತು. ಬೆಸ್ಟರನ್ನು ಬಿಟ್ಟುದಕ್ಕೆ ಕೋಪಗೊಂಡ ಬ್ಯಾಂಟಿಂಗರು ತಮ್ಮ ಪಾಲಿನ ಅರ್ಧವನ್ನು ಬೆಸ್ಟರಿಗೆ ಕೊಟ್ಟರು. ಮಕ್ಲೌಡರು ತಮ್ಮದರಲ್ಲಿ ಅರ್ಧವನ್ನು ಕಾಲಿಪ್ಪರಿಗೆ ಹಂಚಿದರು. ಮಕ್ಲೌಡರ ವಿಷಯದಲ್ಲಿ ಬ್ಯಾಂಟಿಂಗರು ಕೊನೆಯವರೆಗೂ ಕಹಿಯನ್ನು ಮರೆಯಲಿಲ್ಲ. ಬಾಗಿಲು ತೆರೆದವರ ಋಣವನ್ನು ಅವರು ಮನಸಾರೆ ಒಪ್ಪಲಿಲ್ಲವೆಂಬುದು ಈ ಉಜ್ಜ್ವಲ ಜೀವನದ ಒಂದು ಕುಂದು. ಮಹಾಪುರುಷರ ಚರಿತ್ರೆಯಲ್ಲಿ ಇದನ್ನು ಮರೆಮಾಚುವುದು ತರವಲ್ಲ.

ಕೆನಡಾ ಸಂಸತ್ತು ಅವರಿಗೆ ವರ್ಷಕ್ಕೆ 7,500 ಡಾಲರುಗಳ ಆಜೀವ ವೇತನವನ್ನು ನೀಡಿತು. ಆಂಟೇರಿಯೊ ಶಾಸನಸಭೆಯ ನೆರವಿನಿಂದ ಅವರ ಮತ್ತು ಬೆಸ್ಟರ ಹೆಸರಿನಲ್ಲಿ ಸಂಶೋಧನ ಪೀಠವು ಸ್ಥಾಪಿತವಾಯಿತು. 1925ರಲ್ಲಿ ಬ್ಯಾಂಟಿಂಗ್ ಸಂಶೋಧನ ಪ್ರತಿಷ್ಠಾನವು ಹುಟ್ಟಿ, ಕೆನಡಾದ ತರುಣ ಸಂಶೋಧಕರಿಗೆ ಧನಸಹಾಯವನ್ನು ಒದಗಿಸತೊಡಗಿತು. 1934ರಲ್ಲಿ ಬ್ಯಾಂಟಿಂಗರಿಗೆ ಸರ್ ಪದವಿ ಬಂದಿತು. ಅರ್ಬುದ ರೋಗದ ಮೇಲೆ ಅವರು ಸ್ವತಃ ವರ್ಷಗಟ್ಟಲೆ ನಡೆಸಿದ ಸಂಶೋಧನೆ ಫಲಿಸಲಿಲ್ಲ. ಆದರೆ ಅವರ ಆಶ್ರಯದಲ್ಲಿ ಅರ್ಬುದವನ್ನೇ ಅಭ್ಯಸಿಸುತ್ತಿದ್ದ ವಿಲ್ಬರ್ ಫ್ರಾಂಕ್ಸ್ ಎಂಬುವರು, ವೇಗದ ತಿರುವಿನಲ್ಲಿ ವಿಮಾನಚಾಲಕರು ಮೂರ್ಛೆಹೋಗದಂತೆ ಕಾಪಾಡುವ ಉಡುಪನ್ನು ನಿರ್ಮಿಸಿದರು. ತಾವು ಒಮ್ಮೆ ಬೇಡಿದ್ದನ್ನು ಈಗ ಇತರರಿಗೆ ನೀಡುವ ಸ್ಥಾನದಲ್ಲಿ ಬ್ಯಾಂಟಿಂಗರಿದ್ದರು. ಬಿಡುವಿನಲ್ಲಿ ಕುಂಚ ಹಿಡಿದು ಹಿಮದ ನಾಡಿನ ಚಿತ್ರಗಳನ್ನು ಬರೆಯುತ್ತಿದ್ದರು. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಹೊರಟಿದ್ದಾಗ ಅವರಿದ್ದ ವಿಮಾನವು ನ್ಯೂಫೌಂಡ್‌ಲೆಂಡಿನಲ್ಲಿ ನೆಲಕ್ಕುರುಳಿ, 1941ರ ಫೆಬ್ರುವರಿ 21ರಂದು, 49ನೆಯ ವಯಸ್ಸಿನಲ್ಲಿ ದಿವಂಗತರಾದರು.

ಇನ್ಸುಲಿನ್ ಪ್ರಾಣವನ್ನು ಉಳಿಸಿತು, ವ್ಯಾಧಿಯನ್ನು ನಿರ್ಮೂಲ ಮಾಡಲಿಲ್ಲ. ಎಳೆಯರಲ್ಲಿ ಹೆಚ್ಚಾಗಿ ತಲೆದೋರುವ ಮೊದಲನೆಯ ಬಗೆಯ ಮಧುಮೇಹದಲ್ಲಿ ದ್ವೀಪಕೋಶಗಳು ಏಕೆ ನಾಶವಾಗುವುವೆಂಬುದು ಬ್ಯಾಂಟಿಂಗರ ಕಾಲಕ್ಕೆ ತಿಳಿದಿರಲಿಲ್ಲ. 1965ರಲ್ಲಿ ಬೆಲ್ಜಿಯಮ್ಮಿನ ಗೆಪ್ಟ್ಸ್ ಅವರು ಆ ದ್ವೀಪಗಳಿಗೆ ರಕ್ತದ ಬಿಳಿಯ ಕಣಗಳು ಮುತ್ತಿಗೆ ಹಾಕಿರುವುದನ್ನು ವಿವರಿಸಿದರು. 1974ರಲ್ಲಿ ಲಂಡನ್ನಿನ ಬೊಟಾಜೊ, ಡೋನಿಯಾಕ್ ಮೊದಲಾದವರು ದ್ವೀಪಕೋಶಗಳನ್ನೇ ಗುರಿಯಾಗಿಸಿಕೊಂಡ ಪ್ರತಿಕಾಯಗಳನ್ನು ಕಂಡರು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ, ರೋಗಾಣುಗಳಿಂದ ಕಾಪಾಡಬೇಕಾದ ದೇಹದ ರಕ್ಷಣಾಪಡೆಯೇ ತನ್ನ ಕೋಶಗಳನ್ನು ಕೊಲ್ಲುತ್ತದೆ. ಲಕ್ಷಣಗಳು ಕಾಣುವ ಹೊತ್ತಿಗೆ ಆ ನಾಶವು ಬಹುಮಟ್ಟಿಗೆ ಮುಗಿದಿರುತ್ತದೆ. ಜೀವಂತ ಮಗುವಿನ ಈ ಅಂಗವನ್ನು ತೆರೆದು ನೋಡಲಾಗದು. ಆದುದರಿಂದ ಈ ಒಳಗಿನ ಕದನವನ್ನು ಅರಿಯಲು ಮಾದರಿಗಳು ಬೇಕು. 1980ರಲ್ಲಿ ಜಪಾನಿನ ವಿಜ್ಞಾನಿಗಳು ತಾನಾಗಿಯೇ ಮಧುಮೇಹ ಬರುವ ಇಲಿಯ ತಳಿಯನ್ನು ವರದಿಮಾಡಿದರು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳೂ ಗಣಿತದ ಲೆಕ್ಕಾಚಾರಗಳೂ ಅದರ ಜೊತೆಗೂಡಿವೆ. ಇಲಿಯಲ್ಲಿ ಗೆದ್ದ ಔಷಧವು ಮನುಷ್ಯನಲ್ಲಿ ಸೋತದ್ದು ಎಷ್ಟೋ ಸಲ. ಇಂತಹ ಕೆಲಸಕ್ಕೆ ಬೇಗನೆ ಲಾಭವನ್ನೆಣಿಸುವವರ ಹಣ ಒದಗುವುದು ಕಷ್ಟ.

ಈ ಮಾತಿಗೆ ನಿದರ್ಶನವಿದೆ. ಟೆಪ್ಲಿಜುಮ್ಯಾಬ್ ಎಂಬ ಔಷಧವು ಆ ರಕ್ಷಣಾಪಡೆಯ ಆಕ್ರಮಣವನ್ನು ತಗ್ಗಿಸತಕ್ಕದ್ದು. 2010ರಲ್ಲಿ ಒಂದು ದೊಡ್ಡ ಪರೀಕ್ಷೆಯಲ್ಲಿ ಗುರಿ ಮುಟ್ಟದಿದ್ದಾಗ ಅದರ ತಯಾರಿಕೆಗೆ ಕೈಹಾಕಿದ್ದ ವ್ಯಾಪಾರ ಸಂಸ್ಥೆ ಹಿಂಜರಿಯಿತು. ಅಮೆರಿಕದ ಸಾರ್ವಜನಿಕ ಧನದ ನೆರವಿನಿಂದ ಸಂಶೋಧಕರು 76 ಜನರ ಮೇಲೆ ಮತ್ತೊಂದು ಪರೀಕ್ಷೆಯನ್ನು ತಾಳ್ಮೆಯಿಂದ ನಡೆಸಿದರು; 1970ರಲ್ಲಿ ಮಧುಮೇಹಿ ಮಕ್ಕಳ ತಂದೆತಾಯಿಗಳು ಕಟ್ಟಿದ ಪ್ರತಿಷ್ಠಾನವೂ ಕೈಜೋಡಿಸಿತು. ರೋಗವು ಕಾಣಿಸಿಕೊಳ್ಳುವುದನ್ನು ಆ ಔಷಧವು ಸುಮಾರು ಎರಡು ವರ್ಷ ತಡೆಯಿತೆಂದು 2019ರಲ್ಲಿ ಪ್ರಕಟವಾಯಿತು. 2022ರ ನವೆಂಬರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಬೆಳೆಯುವ ಮಗುವಿಗೆ ಸೂಜಿಯಿಲ್ಲದ ಎರಡು ವರ್ಷಗಳ ಬೆಲೆಯನ್ನು ಹೆತ್ತವರೇ ಬಲ್ಲರು.

ಬ್ಯಾಂಟಿಂಗರಿಗೆ ಆ ಆಲೋಚನೆ ಹೊಳೆದ ಲಂಡನ್ ನಗರದ ಮನೆಯ ಬಳಿ 1989ರಲ್ಲಿ ಒಂದು ಜ್ಯೋತಿಯನ್ನು ಬೆಳಗಿಸಲಾಯಿತು. ಮಧುಮೇಹಕ್ಕೆ ಪೂರ್ಣ ಪರಿಹಾರ ದೊರೆತ ದಿನ ಅದನ್ನು ಶಾಂತಗೊಳಿಸಬೇಕೆಂಬ ಸಂಕಲ್ಪವಿದೆ. ಅವರ ಜನ್ಮದಿನವಾದ ನವೆಂಬರ್ 14 ವಿಶ್ವ ಮಧುಮೇಹ ದಿನವಾಗಿ ಆಚರಿಸಲ್ಪಡುತ್ತಿದೆ. ಇಂದಿಗೂ ಲೋಕದಲ್ಲಿ ಇನ್ಸುಲಿನ್ ಕೊಳ್ಳಲಾರದ ಬಡವರಿದ್ದಾರೆಂಬುದು ಆ ಒಂದು ಡಾಲರಿನ ಒಪ್ಪಂದವನ್ನು ನೆನೆದಾಗ ಮನಸ್ಸನ್ನು ಚುಚ್ಚುತ್ತದೆ. ನಮ್ಮ ತರಗತಿಗಳಲ್ಲಿಯೂ ಸರಿಯೋ ತಪ್ಪೋ ಎಂದರಿಯದ ಪ್ರಶ್ನೆಯನ್ನು ಹೊತ್ತು ಅಧ್ಯಾಪಕರ ಮುಂದೆ ನಿಲ್ಲುವ ಹುಡುಗರಿದ್ದಾರೆ, ಹುಡುಗಿಯರಿದ್ದಾರೆ. ಅವರಿಗೊಂದು ಕೋಣೆಯನ್ನೂ ಒಂದು ಬೇಸಗೆಯ ಅವಕಾಶವನ್ನೂ ಕೊಡುವ ಗುರುಗಳೂ ದಾತೃಗಳೂ ಎಲ್ಲೆಡೆ ಹೆಚ್ಚಲೆಂದು ಹಾರೈಸುತ್ತ ಈ ಜೀವನಚರಿತ್ರೆಯನ್ನು ಮುಗಿಸಬಹುದು.