ಸೆರೆಮನೆಯ ಎರಡು ಕಥೆಗಳು

ಪಾಳುಕೋಟೆ, ನೆಲಮಾಳಿಗೆ, ಪ್ರೇತದ ನೆರಳು: ಇಂಗ್ಲಿಷಿನ ಗಾಥಿಕ್ ಕಾದಂಬರಿಗಳು ಭಯ ಹುಟ್ಟಿಸುತ್ತಿದ್ದುದು ಇವುಗಳಿಂದ. ಫಿಲಿಪ್ ಮೆಡೋಸ್ ಟೇಲರ್‌ಗೆ ಇವು ಬೇಕಾಗಲಿಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮರ ಸೇನೆ ಸೇರಿದ ಆತ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಪ್ರಕಟಿಸಿದ. ಗೂಬೆಯ ಕೂಗು, ಅಡ್ಡ ಬಂದ ನರಿ, ಮೊದಲೇ ತೋಡಿಟ್ಟ ಗುಂಡಿ, ಕೊರಳಿಗೆ ಬೀಳುವ ವಸ್ತ್ರ: ಅದರ ಭಯವೆಲ್ಲ ಇಷ್ಟರಲ್ಲೇ. ಕಡೂರು, ತರೀಕೆರೆ, ಅಜ್ಜಂಪುರದ ಹಿರಿಯರಿಗೆ ಇಂಥ ಶಕುನಗಳನ್ನು ವಿವರಿಸಬೇಕಿಲ್ಲ. ಲಂಡನ್ನಿನ ಓದುಗರಿಗೆ ಅದು ಹೊಸ ನಡುಕ. ಸ್ವಂತ ತಂಗಿಯನ್ನೇ ಅರಿಯದೆ ಕೊಂದ ಅಮೀರ್ ಅಲಿ ಸೆರೆಯಲ್ಲಿ ಕುಳಿತು ಸಾಹೇಬನಿಗೆ ತನ್ನ ಕಥೆ ಹೇಳುತ್ತಾನೆ.

ಮುಂದೆ 1853ರವರೆಗೆ ಸುಮಾರು ಹನ್ನೆರಡು ವರ್ಷ ಟೇಲರ್ ಸುರಪುರದ ಆಡಳಿತ ನೋಡಿಕೊಂಡ. ಬಾಲದೊರೆ ವೆಂಕಟಪ್ಪ ನಾಯಕ ಅವನನ್ನು ಅಪ್ಪನೆಂದೇ ಕರೆಯುತ್ತಿದ್ದ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಆ ದೊರೆ ಸೆರೆಯಾದಾಗ ಟೇಲರ್ ಸೆರೆಮನೆಗೆ ಹೋಗಿ ಕಂಡ. ಕಾದಂಬರಿಯ ದೃಶ್ಯವೇ ಮರುಕಳಿಸಿತ್ತು. ಆದರೆ ಈಗ ಎದುರಿಗಿದ್ದವನು ತಾನೇ ಬೆಳೆಸಿದ ಹುಡುಗ. ಅದೇ ವರ್ಷ ದೊರೆ ಗುಂಡೇಟಿನಿಂದ ಅಸುನೀಗಿದ.

ಟೇಲರ್ 1876ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಥಗ್ಗನ ಕಥೆ ಲೋಕಪ್ರಸಿದ್ಧವಾಯಿತು. ಸುರಪುರದ ಟೇಲರ್ ಮಂಜಿಲ್ ಮಾತ್ರ ಎರಡನೆಯ ಕಥೆಯನ್ನು ನೆನಪಿಸುತ್ತದೆ. ಹೆಚ್ಚು ನಡುಗಿಸುವುದು ಅದೇ.