ಎಂ. ಎನ್. ಶ್ರೀನಿವಾಸ್

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ (ನವೆಂಬರ್ 16, 1916 – ನವೆಂಬರ್ 30, 1999) ಭಾರತದ ಪ್ರಮುಖ ಸಮಾಜಶಾಸ್ತ್ರಜ್ಞರು ಹಾಗೂ ಸಾಮಾಜಿಕ ಮಾನವಶಾಸ್ತ್ರಜ್ಞರಲ್ಲಿ ಒಬ್ಬರು. ಜಾತಿ, ಧರ್ಮ, ಗ್ರಾಮಜೀವನ ಮತ್ತು ಸಾಮಾಜಿಕ ಬದಲಾವಣೆಗಳನ್ನು ಕುರಿತ ಅವರ ಸಂಶೋಧನೆಗೆ ಮುಖ್ಯ ಆಧಾರವಾದದ್ದು ಹಳೆಯ ಮೈಸೂರು ಸೀಮೆ ಮತ್ತು ಕೊಡಗು. ಸಂಸ್ಕೃತೀಕರಣ, ಪ್ರಬಲ ಜಾತಿ, ವೋಟ್ ಬ್ಯಾಂಕ್ ಎಂಬ ಪರಿಕಲ್ಪನೆಗಳು ಅವರ ಬರಹಗಳ ಮೂಲಕವೇ ಬಳಕೆಗೆ ಬಂದವು.

ಬಾಲ್ಯ ಮತ್ತು ಶಿಕ್ಷಣ

ಶ್ರೀನಿವಾಸರು ಮೈಸೂರಿನ ಅಯ್ಯಂಗಾರ್ ಕುಟುಂಬವೊಂದರಲ್ಲಿ ಜನಿಸಿದರು. ಪೂರ್ವಿಕರದು ಅರಕೆರೆ ಗ್ರಾಮ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತಂದೆ ಊರು ಬಿಟ್ಟು ಮೈಸೂರು ಸೇರಿದ್ದರು. ಅವರ ಮನೆಯ ಹಿಂಭಾಗಕ್ಕೆ ಬಂಡಿಕೇರಿ ಎಂಬ ಬಡಾವಣೆಯಿತ್ತು. ಅಲ್ಲಿ ಕುರುಬ ಕುಟುಂಬಗಳು ಹೆಚ್ಚಾಗಿ ವಾಸಿಸುತ್ತಿದ್ದವು. ಮನೆಯ ಮುಂದಿನ ಬೀದಿಗೂ ಹಿಂದಿನ ಬೀದಿಗೂ ಊಟ, ಮಾತು, ಜಗಳ, ಹಬ್ಬಗಳಲ್ಲೆಲ್ಲ ಇದ್ದ ಅಂತರವು ಬಾಲಕನನ್ನು ಬೆರಗುಗೊಳಿಸಿತು. ತಾವು ಕಂಡ ಮೊದಲ ಅನ್ಯಲೋಕ ಅದೇ ಎಂದು ಮುಂದೆ ಅವರು ನೆನೆದುಕೊಂಡಿದ್ದಾರೆ. ಅನ್ಯ ಸಂಸ್ಕೃತಿಯನ್ನು ಅರಿಯಲು ಸಮುದ್ರ ದಾಟಬೇಕೆಂದು ನಂಬಿದ್ದ ಶಾಸ್ತ್ರಕ್ಕೆ ಈ ಹಿತ್ತಲಿನ ಅನುಭವ ಒಂದು ಉತ್ತರವಾಗಿತ್ತು.

ಮಹಾರಾಜ ಕಾಲೇಜಿನಲ್ಲಿ ಆನರ್ಸ್ ಪದವಿ ಪಡೆದ ನಂತರ 1936ರಲ್ಲಿ ಅವರು ಮುಂಬಯಿಗೆ ತೆರಳಿ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಅಲ್ಲಿ ಸ್ನಾತಕೋತ್ತರ ಪದವಿಗಾಗಿ ಬರೆದ ಪ್ರಬಂಧವು ಮೈಸೂರಿನ ವಿವಾಹ ಮತ್ತು ಕುಟುಂಬ ಪದ್ಧತಿಗಳನ್ನು ಕುರಿತದ್ದು. ಅದು 1942ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಕೊಡವರನ್ನು ಕುರಿತ ಸಂಶೋಧನೆಗೆ ಡಾಕ್ಟರೇಟ್ ಪಡೆದು ಆಕ್ಸ್‌ಫರ್ಡ್‌ಗೆ ಹೋದಾಗ, ಅದೇ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಮರಳಿ ಪರಿಶೀಲಿಸುವಂತೆ ರ‍್ಯಾಡ್‌ಕ್ಲಿಫ್-ಬ್ರೌನ್ ಸೂಚಿಸಿದರು. ಅವರ ನಿವೃತ್ತಿಯ ಬಳಿಕ ಇವಾನ್ಸ್-ಪ್ರಿಚರ್ಡ್ ಮಾರ್ಗದರ್ಶಕರಾದರು.

ಕೊಡಗಿನ ಅಧ್ಯಯನ

1952ರಲ್ಲಿ ಪ್ರಕಟವಾದ 'ರಿಲಿಜನ್ ಅಂಡ್ ಸೊಸೈಟಿ ಅಮಂಗ್ ದ ಕೂರ್ಗ್ಸ್ ಆಫ್ ಸೌತ್ ಇಂಡಿಯಾ' ಶ್ರೀನಿವಾಸರಿಗೆ ಅಂತಾರಾಷ್ಟ್ರೀಯ ಖ್ಯಾತಿ ತಂದ ಕೃತಿ. ಒಕ್ಕ, ಊರು, ನಾಡು ಎಂಬ ಘಟಕಗಳನ್ನು ಆಚರಣೆಗಳು ಹೇಗೆ ಒಗ್ಗೂಡಿಸುತ್ತವೆ ಎಂಬುದು ಅದರ ಮುಖ್ಯ ವಿಷಯ. ಪಿತೃಗಳಿಗೆ ಮದ್ಯಮಾಂಸಗಳ ಎಡೆಯಿಡುವ ಸಮುದಾಯವೇ ಕಾವೇರಿಯ ಪುರಾಣವನ್ನೂ ತನ್ನದಾಗಿಸಿಕೊಂಡಿರುವುದನ್ನು ಅವರು ಗಮನಿಸಿದರು. ಅಮ್ಮ ಕೊಡವರು ಸಸ್ಯಾಹಾರ ಮತ್ತು ಯಜ್ಞೋಪವೀತವನ್ನು ಸ್ವೀಕರಿಸಿ ಪ್ರತ್ಯೇಕ ಗುಂಪಾಗಿ ಉಳಿದದ್ದನ್ನೂ ಗಮನಿಸಿದರು. ಇಂತಹ ನಿದರ್ಶನಗಳಿಂದ ಸಂಸ್ಕೃತೀಕರಣದ ಪರಿಕಲ್ಪನೆ ರೂಪುಗೊಂಡಿತು. ಕೆಳಗಿನ ಸ್ತರದ ಜಾತಿಯೊಂದು ಮೇಲಿನ ಜಾತಿಯ ಆಹಾರ, ಆಚಾರ, ನಂಬಿಕೆಗಳನ್ನು ಅನುಸರಿಸಿ, ಒಂದೆರಡು ತಲೆಮಾರುಗಳ ನಂತರ ಉನ್ನತ ಸ್ಥಾನದ ಹಕ್ಕು ಹೂಡುವ ಪ್ರಕ್ರಿಯೆಯೇ ಸಂಸ್ಕೃತೀಕರಣ. ವಿದ್ಯಾರ್ಥಿಗಳು ಇದನ್ನು ಸಂಸ್ಕೃತ ಭಾಷೆಯ ಕಲಿಕೆಯೊಂದಿಗೆ ಬೆರೆಸುವುದುಂಟು, ಅದು ಸರಿಯಲ್ಲ. ಅನುಕರಣೆಗೆ ಬ್ರಾಹ್ಮಣರೇ ಮಾದರಿಯಾಗಬೇಕೆಂದೂ ಇಲ್ಲ. ಬ್ರಾಹ್ಮಣರ ಹಿರಿಮೆಯನ್ನು ಒಪ್ಪದ ಲಿಂಗಾಯತ ಸಂಪ್ರದಾಯವೂ ಕರ್ನಾಟಕದ ಅನೇಕ ಜಾತಿಗಳಿಗೆ ಇಂತಹ ಮಾದರಿಯಾಗಿತ್ತೆಂದು ಅವರು ಗುರುತಿಸಿದ್ದರು. ಈ ಪ್ರಕ್ರಿಯೆಯಿಂದ ಜಾತಿಯೊಂದರ ಸ್ಥಾನ ಬದಲಾಗಬಹುದೇ ಹೊರತು ಜಾತಿವ್ಯವಸ್ಥೆಯ ರಚನೆ ಬದಲಾಗುವುದಿಲ್ಲ ಎಂದೂ ಅವರು ಸ್ಪಷ್ಟಪಡಿಸಿದರು.

ರಾಮಪುರ

ಆಕ್ಸ್‌ಫರ್ಡ್‌ನಲ್ಲಿ ಉಪನ್ಯಾಸಕ ಹುದ್ದೆ ದೊರೆತಾಗ, ಮೊದಲ ವರ್ಷವನ್ನು ಹಳ್ಳಿಯೊಂದರಲ್ಲಿ ಕಳೆಯಲು ಅವರಿಗೆ ಅವಕಾಶ ನೀಡಲಾಯಿತು. 1948ರಲ್ಲಿ ಅವರು ಮೈಸೂರಿಗೆ ಸಮೀಪದ ಗ್ರಾಮವೊಂದರಲ್ಲಿ ನೆಲೆಸಿದರು. ಬರಹಗಳಲ್ಲಿ ಅದಕ್ಕೆ ರಾಮಪುರವೆಂಬ ಕಲ್ಪಿತ ಹೆಸರಿದೆ. 1952ರ ಬೇಸಿಗೆಯಲ್ಲಿ ಮತ್ತೆ ಅಲ್ಲಿಗೆ ಹೋದರು. ಪಟೇಲರ ಎತ್ತಿನ ಮನೆಯ ಒಂದು ಭಾಗವೇ ಅವರ ವಾಸಸ್ಥಳವಾಗಿತ್ತು. ಜಮೀನು, ಸಾಲ, ವ್ಯಾಜ್ಯ, ನ್ಯಾಯಪಂಚಾಯಿತಿ, ಹಳೆಮಗ ಪದ್ಧತಿ ಇವೆಲ್ಲವೂ ಅವರ ಟಿಪ್ಪಣಿಗಳಲ್ಲಿ ಸೇರಿದವು.

ಧರ್ಮಗ್ರಂಥಗಳು ಹೇಳುವ ನಾಲ್ಕು ವರ್ಣಗಳ ಚಿತ್ರವು ರಾಮಪುರದಲ್ಲಿ ಕಾಣಲಿಲ್ಲ. ಆಚಾರದ ದೃಷ್ಟಿಯಿಂದ ಬ್ರಾಹ್ಮಣರು ಮೇಲಿದ್ದರೂ ಊರನ್ನು ನಡೆಸುತ್ತಿದ್ದವರು ಒಕ್ಕಲಿಗರು. ಸಂಖ್ಯೆಯೂ ಭೂಮಿಯೂ ಅವರ ಕಡೆಗಿತ್ತು. 'ಪ್ರಬಲ ಜಾತಿ' ಎಂಬ ಪರಿಕಲ್ಪನೆಯ ಮೂಲ ಇದು. ಪುಸ್ತಕದ ನೋಟ ಮತ್ತು ಕ್ಷೇತ್ರದ ನೋಟಗಳ ನಡುವಣ ಈ ವ್ಯತ್ಯಾಸವನ್ನು ಶ್ರೀನಿವಾಸರು ಜೀವಮಾನವಿಡೀ ಒತ್ತಿ ಹೇಳಿದರು. ಊರಿನ ಮುಖಂಡರು ತಮ್ಮ ಆಶ್ರಿತರ ಮತಗಳನ್ನು ಒಟ್ಟಾಗಿ ಒಬ್ಬ ಅಭ್ಯರ್ಥಿಗೆ ಕೊಡಿಸುವ ಬಗೆಯನ್ನು ವಿವರಿಸಲು, 1955ರ ಲೇಖನದಲ್ಲಿ ಅವರು 'ವೋಟ್ ಬ್ಯಾಂಕ್' ಎಂಬ ಪದವನ್ನು ಬಳಸಿದರು. ಇಂದು ಪತ್ರಿಕೆಗಳಲ್ಲಿ ನಿತ್ಯವೂ ಕಾಣುವ ಈ ಪದದ ಹಿಂದೆ ಮೈಸೂರು ಸೀಮೆಯ ಒಂದು ಹಳ್ಳಿಯಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

1951ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ, 1959ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಅವರು ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದರು. ಬೋಧನೆ ಮತ್ತು ಆಡಳಿತದ ಭಾರದಲ್ಲಿ ರಾಮಪುರದ ಸಮಗ್ರ ಗ್ರಂಥವು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಯಿತು.

ಟಿಪ್ಪಣಿಗಳ ನಾಶ

ಕೊನೆಗೂ ಆ ಗ್ರಂಥವನ್ನು ಬರೆಯಲು ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಉನ್ನತ ಅಧ್ಯಯನ ಕೇಂದ್ರಕ್ಕೆ ಹೋದರು. ವಿಯೆಟ್ನಾಂ ಯುದ್ಧದ ವಿರುದ್ಧ ಅಲ್ಲಿನ ವಿಶ್ವವಿದ್ಯಾಲಯಗಳು ಕುದಿಯುತ್ತಿದ್ದ ಕಾಲವದು. 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಕೇಂದ್ರಕ್ಕೆ ಬೆಂಕಿಯಿಟ್ಟರು. ಶ್ರೀನಿವಾಸರ ಕೊಠಡಿ ಭಸ್ಮವಾಯಿತು. ಹದಿನೆಂಟು ವರ್ಷಗಳಿಂದ ಕ್ರಮಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಆ ಒಂದೇ ಕೊಠಡಿಯಲ್ಲಿದ್ದವು.

ನೆನಪಿನಿಂದಲೇ ಬರೆಯುವಂತೆ ಅಮೆರಿಕದ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಅವರನ್ನು ಉತ್ತೇಜಿಸಿದರು. ಹಾಗೆ ಹುಟ್ಟಿದ 'ದ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಯಿತು. ಕೋಷ್ಟಕಗಳು ಮತ್ತು ಅಂಕಿಅಂಶಗಳು ಸುಟ್ಟುಹೋಗಿದ್ದವು; ಉಳಿದದ್ದು ಮನುಷ್ಯರು. ಮಿತಭಾಷಿ ಪಟೇಲ, ಹಿರಿಯ ನಾಡುಗೌಡ, ಆಡಂಬರದ ಕುಳ್ಳೇಗೌಡ ಇಂತಹ ವ್ಯಕ್ತಿಗಳು ಕಾದಂಬರಿಯ ಪಾತ್ರಗಳಂತೆ ಅದರಲ್ಲಿ ಓಡಾಡುತ್ತಾರೆ. ಬೆಂಕಿ ಬೀಳದಿದ್ದರೆ ಹೆಚ್ಚು ನಿಖರವಾದ, ಆದರೆ ತಜ್ಞರಷ್ಟೇ ಓದುವ ಗ್ರಂಥ ಬರುತ್ತಿತ್ತೇನೋ. ನೆನಪನ್ನು ಶಾಸ್ತ್ರೀಯ ಆಧಾರವೆಂದು ಒಪ್ಪಬಹುದೇ ಎಂಬ ಚರ್ಚೆಯೂ ಇದರಿಂದ ಬೆಳೆಯಿತು.

ಟೀಕೆಗಳು

ಶ್ರೀನಿವಾಸರದು ಮೇಲಿನಿಂದ ನೋಡಿದ ಹಳ್ಳಿ ಎಂಬುದು ಪ್ರಮುಖ ಆಕ್ಷೇಪ. ಅವರು ಇದ್ದದ್ದು ಪಟೇಲರ ಆಶ್ರಯದಲ್ಲಿ. ಬ್ರಾಹ್ಮಣ ಸಂಶೋಧಕ ಹೇಗಿರಬೇಕೆಂಬ ಊರವರ ನಿರೀಕ್ಷೆಯೂ ಅವರನ್ನು ಕಟ್ಟಿಹಾಕಿತ್ತು. ದಲಿತರ ಮತ್ತು ಮುಸ್ಲಿಮರ ಕೇರಿಗಳಲ್ಲಿ ಸಾಕಷ್ಟು ಕಾಲ ಕಳೆಯಲಿಲ್ಲವೆಂಬುದನ್ನು ಅವರೂ ಒಪ್ಪಿಕೊಂಡರು. ಈ ಟೀಕೆ ನ್ಯಾಯವಾದುದೇ. ಸಂಸ್ಕೃತೀಕರಣದ ದಾರಿ ದಲಿತರಿಗೆ ಎಷ್ಟರಮಟ್ಟಿಗೆ ತೆರೆದಿತ್ತು ಎಂಬ ಪ್ರಶ್ನೆಗೆ ಅವರ ಬರಹಗಳಲ್ಲಿ ಪೂರ್ಣ ಉತ್ತರ ಸಿಗುವುದಿಲ್ಲ.

ಬೆಂಗಳೂರಿನ ವರ್ಷಗಳು

1972ರಲ್ಲಿ ಶ್ರೀನಿವಾಸರು ದೆಹಲಿಯನ್ನು ಬಿಟ್ಟು ಬೆಂಗಳೂರಿಗೆ ಬಂದರು. ವಿ. ಕೆ. ಆರ್. ವಿ. ರಾವ್ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಜಂಟಿ ನಿರ್ದೇಶಕರಾಗಿ, ಅರ್ಥಶಾಸ್ತ್ರಜ್ಞರೇ ಪ್ರಧಾನವಾಗಿದ್ದ ಅಭಿವೃದ್ಧಿ ಅಧ್ಯಯನದಲ್ಲಿ ಕ್ಷೇತ್ರಕಾರ್ಯಕ್ಕೆ ಸ್ಥಾನ ದೊರಕಿಸಲು ಶ್ರಮಿಸಿದರು. 1977ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಭಾರತೀಯ ಮಹಿಳೆಯರ ಸ್ಥಾನಮಾನ ಮತ್ತು ವರದಕ್ಷಿಣೆಯನ್ನು ಕುರಿತೂ ಈ ಅವಧಿಯಲ್ಲಿ ಬರೆದರು. ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು.

1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು. ಜಾತಿಯನ್ನು ಕುರಿತ ಅವರ ಲೇಖನವೊಂದು 2003ರಲ್ಲಿ, ಮರಣಾನಂತರ, ಪ್ರಕಟವಾಯಿತು. ಹಳ್ಳಿಯ ಉತ್ಪಾದನಾ ಕ್ರಮ ಕುಸಿಯುತ್ತಿರುವುದರಿಂದ ಜಾತಿಯು ಒಂದು ವ್ಯವಸ್ಥೆಯಾಗಿ ಅಳಿಯುತ್ತಿದೆ, ಆದರೆ ಬಿಡಿಬಿಡಿ ಜಾತಿಗಳು ಪರಸ್ಪರ ಸ್ಪರ್ಧಿಸುತ್ತ ಬಲಗೊಳ್ಳುತ್ತಿವೆ ಎಂಬುದು ಅದರ ವಾದ.